ಚಿಂಚೋಳಿ ಯಾರ ಹತ್ರ ಅದ?

ಇದು ನಡೆದ ಕಥೆ. ನಡೆದ ಕಥೆ ಎಂದರೂ ಇದರಲ್ಲಿ ಯಾರೂ ಹೆಚ್ಚು ನಡೆಯುವುದಿಲ್ಲ. ಎಲ್ಲರೂ ತಮ್ಮ ತಮ್ಮ ಊರಿನಲ್ಲಿ ತಮ್ಮ ತಮ್ಮ ಸ್ಟೂಲಿನ ಮೇಲೆ ಕುಂತಲ್ಲೇ ಕುಂತಿರುತ್ತಾರೆ. ಊರಿಂದೂರಿಗೆ ತಿರುಗಾಡುವುದು ಮಾತು ಒಂದೇ. ಸುಳ್ಳು ಅನ್ನಿಸಿದರೆ ಶಹಾಬಾದಿನ ಫರಸಿಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಬಹುದು. ಆ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಕೇಳುವವರು ಕುಂತ ಕಟ್ಟೆಯೇ ಅದರದ್ದು.

ರಾಜ್ಯಕ್ಕೆ ಕರ್ನಾಟಕ ಎಂದು ಹೊಸದಾಗಿ ಹೆಸರಿಟ್ಟ ಕಾಲ. ಚಿತ್ತಾಪುರದ ಟೆಲಿಫೋನ್ ಎಕ್ಸ್‌ಚೇಂಜಿನ ಗೋಡೆಯ ನಕಾಶೆಯಲ್ಲಿ ಮಾತ್ರ ಇನ್ನೂ ಮೈಸೂರು ರಾಜ್ಯವೇ ನೇತಾಡುತ್ತಿತ್ತು. ಅದರ ಕೆಳಗೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತಿದ್ದವನು ಆಪರೇಟರ್ ಮೆಹತಾಬ್. ಗುಲ್ಬರ್ಗಾದಲ್ಲಿ ಬಿ.ಎ. ಓದುವಾಗ ಪಾಠಕ್ಕಿಂತ ಪಾಠ ಹೇಳುವವರನ್ನೇ ಹೆಚ್ಚು ಕಲಿತು ಬಂದವನು. ಒಂದು ಸಲ ಕೇಳಿದ ದನಿಯನ್ನು ಅವನ ಗಂಟಲು ಎರಡನೆಯ ಸಲ ತಾನೇ ಆಡಿ ತೋರಿಸುತ್ತಿತ್ತು. ವಾಡಿ ಜಂಕ್ಷನ್ನಿನ ಚಹಾದವನು, ಚಿಂಚೋಳಿ ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ತರ್ಕಶಾಸ್ತ್ರ ಬೋಧಿಸುತ್ತಿದ್ದ ಮೇಷ್ಟ್ರು, ಎಲ್ಲರೂ ಆ ಗಂಟಲಿನಲ್ಲಿ ಒಟ್ಟು ಕುಟುಂಬದಂತೆ ಬಾಳುತ್ತಿದ್ದರು. ತಾಯಿ ಶಹರಬಾನುಗೆ ಮಾತ್ರ ಇದು ಸೇರದು. "ನಿನ್ನ ಖುದ್ದು ದನಿ ಯಾವುದೋ, ಅದ್ರಾಗ ಒಂದ್ ಸಲ ಅಮ್ಮೀ ಅನ್ನು ನೋಡೋಣು," ಎನ್ನುತ್ತಿದ್ದಳು.

ಆ ಕಾಲದ ಫೋನಿಗೆ ತನ್ನಷ್ಟಕ್ಕೆ ದಾರಿ ಗೊತ್ತಿರಲಿಲ್ಲ. ದಾರಿ ಗೊತ್ತಿದ್ದದ್ದು ಆಪರೇಟರನಿಗೆ. ಅವನಿಗೂ ಪೂರಾ ಅಲ್ಲ, ಮುಂದಿನ ಊರಿನ ತನಕ ಮಾತ್ರ. ಶಹಾಬಾದಿನಿಂದ ಚಿಂಚೋಳಿಗೆ ಮಾತಾಡಬೇಕೆಂದರೆ ಶಹಾಬಾದಿನ ವಿಮಲಾಬಾಯಿ ವಾಡಿಯನ್ನು ಕೇಳಬೇಕು, ವಾಡಿಯ ಖಂಡಪ್ಪ ಚಿತ್ತಾಪುರದ ಮೆಹತಾಬನನ್ನು ಕೇಳಬೇಕು, ಮೆಹತಾಬ್ ಸೇಡಂನ ಚಂದ್ರಾಮನನ್ನು, ಚಂದ್ರಾಮ ಚಿಂಚೋಳಿಯ ಜಿಲಾನಿಯನ್ನು. ಒಬ್ಬೊಬ್ಬರೂ ತಮ್ಮ ಬೋರ್ಡಿನಲ್ಲಿ ಒಂದೊಂದು ಪ್ಲಗ್ಗು ಚುಚ್ಚುತ್ತ ಹೋದರೆ ಕೊನೆಗೆ ಎರಡು ಊರಿನ ಮಾತು ಕೂಡುತ್ತಿತ್ತು. ಇದಲ್ಲದೆ ವಾಡಿಯಿಂದ ಸೇಡಂಗೆ ನೇರವಾಗಿ ಒಂದು ಹಳೆಯ ತಂತಿಯೂ ಇತ್ತು. ಅದರಲ್ಲಿ ದನಿ ಬಾವಿಯೊಳಗಿಂದ ಬಂದಂತೆ ಬರುತ್ತಿದ್ದುದರಿಂದ ಗಿರಾಕಿಗಳಿಗೆ ಕೊಡುತ್ತಿರಲಿಲ್ಲ. ಆಪರೇಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಇಟ್ಟುಕೊಂಡಿದ್ದರು.

ಯಾವ ದಾರಿ ಬದುಕಿದೆ, ಯಾವುದು ಸತ್ತಿದೆ ಎಂದು ತಿಳಿಯುವುದಕ್ಕೆ ಅವರದೇ ಒಂದು ಪದ್ಧತಿ ಬೆಳೆದಿತ್ತು. ಅದಕ್ಕೆ ಮುಂಜಾನಿ ಸಲಾಂ ಎಂದು ಹೆಸರು. ಬೋರ್ಡಿಗೆ ಕೂತ ಕೂಡಲೇ ಪ್ರತಿಯೊಬ್ಬನೂ ತನ್ನ ತಂತಿ ಮುಟ್ಟುವ ಊರುಗಳಿಗೆಲ್ಲ ರಿಂಗು ಕೊಟ್ಟು, "ಸಲಾಂ, ನನ್ನ ಹತ್ರ ಇಂಥಿಂಥಾ ಊರು ಅವ," ಎಂದು ಹೇಳುವುದು. ಸಲಾಂ ಬಾರದಿದ್ದರೆ ಆ ತಂತಿ ಸತ್ತಿದೆ ಎಂದು ತಿಳಿದು ಬೇರೆಯವರ ಹತ್ತಿರ ದಾರಿ ಕೇಳುವುದು. ಯಾರೂ ಯಾರ ಮಾತನ್ನೂ ಪರೀಕ್ಷೆ ಮಾಡುತ್ತಿರಲಿಲ್ಲ. ಸಲಾಂ ಹೇಳಿದವನನ್ನು ನಂಬದೆ ಇರುವುದು ಮರ್ಯಾದೆಯೇ?

ಈ ಸಲಾಮನ್ನು ಸಂಗೀತದ ಮಟ್ಟಕ್ಕೆ ಏರಿಸಿದವರು ವಾಡಿಯ ಖಂಡಪ್ಪನವರು. ಕಾಗಿಣಾ ದಂಡೆಯ ಹಳೆಯ ಮನೆತನ. ಅವರ ಅಜ್ಜ ಈ ದಂಡೆಯಲ್ಲಿ ನಿಂತು ಆಚೆ ದಂಡೆಯವರ ಜೊತೆ ಕಷ್ಟಸುಖ ಮಾತಾಡುತ್ತಿದ್ದನಂತೆ. ಆ ಗಂಟಲು ಮೊಮ್ಮಗನಿಗೆ ಬಂದಿತ್ತು. "ವಾ...ಡಿ ಹಾಜರ್! ಯಾವ ಊರು ಬೇಕು, ನಿಧಾನ ಹೇಳ್ರಿ. ಅವಸರ ಮಾಡಿದ್ರ ತಂತಿ ಜಗ್ತದ," ಎಂದು ಅವರು ಶುರು ಮಾಡಿದರೆ ಹೆಡ್‌ಫೋನನ್ನು ಕಿವಿಯಿಂದ ಒಂದು ಬೆರಳು ದೂರ ಇಡಬೇಕಾಗುತ್ತಿತ್ತು. ಮುಂಜಾನಿ ಸಲಾಮಿನಲ್ಲಂತೂ ಅವರು ತಮ್ಮ ಹತ್ತಿರ ಇರುವ ಊರುಗಳನ್ನೆಲ್ಲ ಒಂದೂ ಬಿಡದೆ ಎಲ್ಲರಿಗೂ ರಾಗವಾಗಿ ಸಾರುತ್ತಿದ್ದರು: "ಶಹಾಬಾದ, ಗುಲ್ಬರ್ಗಾ, ಚಿತ್ತಾಪುರ, ಸೇಡಂ, ಚಿಂಚೋ...ಳಿ!" ಸೇಡಂನವನಿಗೂ ಸೇಡಂ ನನ್ನ ಹತ್ತಿರ ಇದೆ ಎಂದು ಹೇಳುವ ದೊಡ್ಡ ಮನಸ್ಸು.

ಇನ್ನೊಂದು ಹೆಮ್ಮೆ ಕಿವಿಯದು. "ದನಿ ಕೇಳಿ ಮಾರಿ ಹೇಳ್ತೀನಿ. ಕೆಮ್ಮಿದ್ರ ಸಾಕು, ಯಾವ ಊರಾಂವ, ಏನ್ ಉಂಡಾನ ಅಂತ ಹೇಳ್ತೀನಿ," ಎನ್ನುತ್ತಿದ್ದರು. ಮೆಹತಾಬ್ ಒಂದೆರಡು ಸಲ ಚಂದ್ರಾಮನ ದನಿಯಲ್ಲಿ ಮಾತಾಡಿಸಿ ನೋಡಿದ್ದ. "ಏ ಹುಡುಗಾ, ಸೇಡಂ ತಂತ್ಯಾಗ ಗುಂಯ್ ಅಂತದ, ನಿನ್ನದ್ರಾಗ ಇಲ್ಲ. ನಾಟಕ ಸಾಕು," ಎಂದು ಖಂಡಪ್ಪ ಹಿಡಿದುಬಿಟ್ಟಿದ್ದರು. ಆ ಸೋಲು ಮೆಹತಾಬನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಆ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ಚಿಂಚೋಳಿಗೆ ಹೋಗುವ ಫೋನ್ ಕಾಲುಗಳು ಕಾಣೆಯಾಗತೊಡಗಿದವು. ಕೇಳಿದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. "ತಡೀರಿ," ಎನ್ನುತ್ತಿದ್ದರು. ತಡೆದು ತಡೆದು ಗಿರಾಕಿ ಫೋನಿಟ್ಟು ಮನೆಗೆ ಹೋಗುತ್ತಿದ್ದ. ಎಲ್ಲರಿಗಿಂತ ಹೆಚ್ಚು ತಡೆದವರು ಶಹಾಬಾದಿನ ಕಲ್ಲಿನ ವ್ಯಾಪಾರಿ ಅಬ್ದುಲ್ ಮಜೀದ ಸೇಠರು. ಚಂದ್ರಂಪಳ್ಳಿ ಕೆರೆಯ ಕೆಲಸಕ್ಕೆ ಅವರ ಕಲ್ಲು ಹೋಗುತ್ತಿತ್ತು; ಎಷ್ಟು ಲಾರಿ ಕಳಿಸಲಿ ಎಂದು ಚಿಂಚೋಳಿಯನ್ನು ಕೇಳಲೇಬೇಕು. ವಾರವಾದರೂ ಮಾತು ಸಿಗದೆ ಅವರು ಗುಲ್ಬರ್ಗಾಕ್ಕೆ ದೂರು ಕೊಟ್ಟರು: ವಾಡಿಯಾತ ನಮ್ಮ ಮಾತೆಲ್ಲ ನುಂಗಾಕತ್ತಾನ.

ವಿಮಲಾಬಾಯಿ ಈ ಸುದ್ದಿಯನ್ನು ಮೆಹತಾಬನಿಗೆ ತಂತಿಯ ಮೇಲೆ ಪಿಸುಗುಟ್ಟಿದಳು. ಇನ್‌ಸ್ಪೆಕ್ಟರ್ ಅಬ್ದುಲ್ ಗನಿ ಸಾಹೇಬರು ಸೋಮವಾರ ವಾಡಿಗೆ ಬರುತ್ತಾರೆ. ತಪ್ಪು ವಾಡಿಯದೇ ಎಂದಾದರೆ ಊರಿಂದೂರಿಗೆ ಹೋಗುವ ಟ್ರಂಕ್ ತಂತಿಗಳನ್ನೆಲ್ಲ ಶಹಾಬಾದಿನ ಬೋರ್ಡಿಗೆ ತಿರುಗಿಸಿ, ಖಂಡಪ್ಪನವರನ್ನು ಗುಲ್ಬರ್ಗಾದ ಸ್ಟೋರಿಗೆ ಹಾಕುತ್ತಾರೆ.

"ಸ್ಟೋರಿನ್ಯಾಗ ಏನ್ ಕೆಲಸಾರಿ ಬಾಯಾರ?"

"ಕಂಬಕ್ಕ ಹಾಕೋ ಪಿಂಗಾಣಿ ಬಟ್ಟಲಾ ಕಾಯೋದು. ಅವು ಮಾತಾಡಂಗಿಲ್ಲ. ಖಂಡಪ್ಪ ಅಲ್ಲಿ ಒಂದ್ ತಿಂಗಳಿಗೆ ಒಣಗಿ ಹೋಗ್ತಾನ. ಇಲ್ಲಿ ನಾ ಸಾಯ್ತೀನಿ, ನನಗ ಇರೋವು ಎರಡಽ ಕಿವಿ."

ಖಂಡಪ್ಪನವರಿಗೂ ಗೊತ್ತಾಗಿತ್ತು. ಶುಕ್ರವಾರದ ಸಲಾಮಿನಲ್ಲಿ ರಾಗ ಇರಲಿಲ್ಲ. ಊರುಗಳ ಹೆಸರು ಮಾತ್ರ ಇದ್ದವು, ಒಂದರ ಹಿಂದೆ ಒಂದು, ಹಾಜರಿ ಕರೆದ ಹಾಗೆ. ಮೆಹತಾಬನಿಗೆ ಅದು ಕೇಳಿ ಒಂಥರಾ ಆಯಿತು. ಅವರನ್ನು ನಗಿಸಬೇಕು ಅನ್ನಿಸಿತು. ನಗಿಸುವುದಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಅದೂ ಸ್ವಲ್ಪ ಸೊಟ್ಟ.

ಅದೇ ದಿನ ಮಧ್ಯಾಹ್ನ ಮಜೀದ ಸೇಠರು ಮತ್ತೆ ಚಿಂಚೋಳಿ ಕೇಳಿದರು. ವಿಮಲಾಬಾಯಿ ವಾಡಿಗೆ ಕೊಟ್ಟಳು. ರಿಂಗು ಬಂದರೆ ಬೀಳುವ ವಾಡಿಯ ಮುಚ್ಚಳ ಚಿತ್ತಾಪುರದ ಬೋರ್ಡಿನಲ್ಲಿ ಟಪ್ಪೆಂದು ಬಿತ್ತು. ಖಂಡಪ್ಪ ಚಿಂಚೋಳಿ ಕೇಳಿದರು, ಮೆಹತಾಬ್ ಎಂದಿನಂತೆ ಅದನ್ನು ಸೇಡಂಗೆ ಕೇಳಿದ. ಚಂದ್ರಾಮ ಎಂದಿನಂತೆ, "ತಡಿ, ಕೊಡ್ತೀನಿ," ಅಂದ. ಎಂದಿನಂತೆ ಖಂಡಪ್ಪನವರಿಗೆ "ತಡೀರಿ ಕಾಕಾ" ಎನ್ನುವುದೊಂದು ಬಾಕಿ. ಅಲ್ಲಿ ಮೆಹತಾಬ್ ಗಂಟಲು ಸರಿಮಾಡಿಕೊಂಡ.

"ಚಿತ್ತಾಪುರಾ, ಚಿಂಚೋಳಿ ಕೊಡು," ಎಂದರು ಖಂಡಪ್ಪ ಮತ್ತೊಮ್ಮೆ.

"ವಾ...ಡಿ ಹಾಜರ್! ಯಾವ ಊರು ಬೇಕು, ನಿಧಾನ ಹೇಳ್ರಿ."

ಖಂಡಪ್ಪ ಹೆಡ್‌ಫೋನನ್ನು ತಟ್ಟಿ ನೋಡಿದ ಸದ್ದು ಬಂತು.

"ಯಾರಿದು?"

"ಯಾರಿದು?"

"ಏ, ನಾ ವಾಡಿ ಮಾತಾಡಾಕತ್ತೀನಿ!"

"ವಾಡಿ ನಾನು. ನೀವು ಯಾರು, ಅದು ಮೊದಲು ಹೇಳ್ರಿ."

"ನೀ ವಾಡಿ ಆದ್ರ ನಾ ಯಾರು?"

"ಅದು ನನಗ ಹ್ಯಾಂಗ ಗೊತ್ತಾಗ್ಬೇಕು? ನಿಮ್ಮ ಮನ್ಯಾಗ ಕೇಳ್ರಿ."

ಶಹಾಬಾದಿನ ತುದಿಯಿಂದ ಸೆರಗು ಬಾಯಿಗೆ ತುರುಕಿಕೊಂಡ ಸದ್ದು ಬಂತು. ಖಂಡಪ್ಪನವರಿಗೆ ಅದು ಕೇಳಲಿಲ್ಲ. ಅವರಿಗೆ ಆಗಲೇ ಪಿತ್ತ ಏರಿತ್ತು.

"ಏನ್ ದನಿ ಅಪ್ಪಾ ನಿಂದು! ಗಂಟಲಾಗ ರೊಟ್ಟಿ ಸಿಕ್ಕದೇನು? ಇಷ್ಟು ಒದರಿದ್ರ ಗಿರಾಕಿ ಕಿವಿ ಉಳಿತಾವೇನು? ಒಂದ್ ಗುಟುಕು ನೀರು ಕುಡಿದು ಮಾತಾಡು!"

"ಅವಸರ ಮಾಡಬ್ಯಾಡ್ರಿ. ಅವಸರ ಮಾಡಿದ್ರ ತಂತಿ ಜಗ್ತದ."

ಮೆಹತಾಬ್ ಕಾದ. ಈಗ ಬೈಗಳು ಬರುತ್ತವೆ, ಹುಡುಗಾ ನಾಟಕ ಸಾಕು ಎನ್ನುತ್ತಾರೆ, ಆಮೇಲೆ ಎಲ್ಲರೂ ನಗುತ್ತಾರೆ ಎಂದುಕೊಂಡ. ಆದರೆ ಬಂದದ್ದು ಬಹಳ ಸಣ್ಣ ದನಿ, ಖಂಡಪ್ಪನವರಿಗೆ ಇಂಥದೊಂದು ದನಿ ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

"ಇದು ನನ್ನ ಮಾತು... ಇದು ನನ್ನ ದನಿ. ಬಾಯಾರ, ನೀವೂ ಕೇಳಿದ್ರಿಲ್ಲ?"

"ಕೇಳ್ದೆ ಖಂಡಪ್ಪ," ಎಂದಳು ವಿಮಲಾಬಾಯಿ ಕಷ್ಟಪಟ್ಟು. "ಥೇಟ್ ನಿಮ್ಮದಽ."

"ಹಂಗಾರ ನಾ ಕಳಿಸಿದ ಲೈನು ತಿರುಗಿ ನನಗಽ ಬಂದದ."

ಇದು ಮೆಹತಾಬನಿಗೆ ಹೊಳೆದಿರಲಿಲ್ಲ. ಬಾಯಿ ತೆರೆದು, ಕಾಕಾ, ನಾನಽ ಅದು, ಎನ್ನುವಷ್ಟರಲ್ಲಿ ವಾಡಿಯ ಬೋರ್ಡಿನ ಮೇಲೆ ಇನ್ನೊಂದು ಮುಚ್ಚಳ ಬಿದ್ದ ಸದ್ದು ಕೇಳಿತು. ಸೇಡಂನ ಹಳೆಯ ತಂತಿ. ಖಂಡಪ್ಪನವರು ಚಿತ್ತಾಪುರದ ಕಡೆ ಮಾತು ತಡೆಯುವ ಕೀ ಮುಚ್ಚುವುದನ್ನು ಮರೆತೇ ಅದಕ್ಕೆ ಪ್ಲಗ್ಗು ಚುಚ್ಚಿದರು. ಬಾವಿಯೊಳಗಿಂದ ಚಂದ್ರಾಮ ಮಾತಾಡಿದ. ಅದೆಲ್ಲ ಚಿತ್ತಾಪುರಕ್ಕೂ ಕೇಳುತ್ತಿತ್ತು.

"ಕಾಕಾ, ಚಿಂಚೋಳಿ ಒಂದ್ ಕೊಡ್ರಿ."

ದಿನಾ ಆದರೆ ಖಂಡಪ್ಪ ಏನು ಹೇಳುತ್ತಿದ್ದರು? "ತಡಿ ತಮ್ಮಾ, ಚಿಂಚೋಳಿಗೆ ನಿನಗಿಂತ ಮೊದಲು ಒಬ್ಬರು ನಿಂತಾರ," ಎನ್ನುತ್ತಿದ್ದರು. ವಾರದಿಂದಲೂ ಹಾಗೇ ಹೇಳುತ್ತಿದ್ದರು. ಇವತ್ತು ಹಾಗೆ ಹೇಳಲು ಬಾಯಿ ತೆರೆದು, ಮುಚ್ಚಿ, ಬೇರೆ ಕೇಳಿದರು.

"ಚಂದ್ರಾಮಾ, ನಿನಗ ಚಿಂಚೋಳಿ ಯಾರು ಕೇಳಿದ್ರು?"

"ಚಿತ್ತಾಪುರ ರೀ."

"ಮತ್ತ ನೀ ನನಗ್ಯಾಕ ಕೇಳಾಕತ್ತಿ? ಚಿಂಚೋಳಿ ತಂತಿ ಇರೋದು ನಿನ್ನಲ್ಲಿ."

"ಅದು ಸತ್ತು ವಾರ ಆಯ್ತ್ರಿ. ಜಿಲಾನಿ ಸಲಾಮಽ ಇಲ್ಲ. ನಿಮ್ಮಲ್ಲಿ ಅದಲ್ರಿ, ಅದಕ್ಕ ನಿಮಗ ಕೇಳ್ತೀನಿ."

"ನನ್ನಲ್ಲಿ ಅದ ಅಂತ ಯಾರು ಹೇಳಿದ್ರು?"

"ನೀವಽ ರೀ! ದಿನಾ ಮುಂಜಾನೆ ಹಾಡಿದಂಗ ಹೇಳ್ತೀರಿ, ಚಿಂಚೋ...ಳಿ ಅಂತ. ಆ ಕಡೆಯಿಂದ ಹೊಸಾ ತಂತಿ ಹಾಕ್ಯಾರ ಅಂತ ನಾ ತಿಳ್ಕೊಂಡೆ. ನಿಮ್ಮಲ್ಲಿ ಇರೋವಾಗ ನಮ್ಮದು ರಿಪೇರಿ ಮಾಡಾಕ ಏನ್ ಅವಸರ ಅಂತ ಲೈನ್‌ಮನ್‌ಗೂ ಜೋರು ಮಾಡಿಲ್ಲ. ಅಂವ ಬಸ್ಸಿನ್ಯಾಗಿಂದ ನೋಡ್ಯಾನಂತ, ತಂತಿ ಸಾಬೀತ ಅದ, ಎಲ್ಲೂ ಕಡದಿಲ್ಲ ಅಂದ."

ಖಂಡಪ್ಪ ಮೆಲ್ಲಗೆ, ಚಿಕ್ಕವರಿಗೆ ಲೆಕ್ಕ ಹೇಳಿಕೊಡುವವರಂತೆ ಹೇಳತೊಡಗಿದರು. "ಕೇಳಿಲ್ಲೆ. ನನಗ ಚಿಂಚೋಳಿ ಕೊಡಾಂವ ಚಿತ್ತಾಪುರದ ಮೆಹತಾಬ್. ಅವಗ ಕೊಡಾಂವ ನೀ. ನಿನಗ ಕೊಡಾಂವ ನಾ."

"ಹೌದ್ರಿ."

"ಹಂಗಾರ ಚಿಂಚೋಳಿ ಯಾರ ಹತ್ರ ಅದ?"

ಮೆಹತಾಬನಿಗೆ ತನ್ನ ಬೋರ್ಡಿನ ಪ್ಲಗ್ಗುಗಳು ಮೊದಲ ಸಲ ಕಂಡವು. ವಾಡಿಯದು ಅವನ ಕೈಗೆ ಬಂದಿತ್ತು, ಅವನ ಕೈಯಿಂದ ಸೇಡಂಗೆ ಹೋಗಿತ್ತು, ಸೇಡಂನಿಂದ ವಾಡಿಗೆ. ಎತ್ತು ಗಾಣ ಸುತ್ತಿದಂತೆ ಮಜೀದ ಸೇಠರ ಕಾಲು ಸುತ್ತುತ್ತಿತ್ತು, ಎಣ್ಣೆ ಮಾತ್ರ ಬರುತ್ತಿರಲಿಲ್ಲ. "ನಿನಗಿಂತ ಮೊದಲು ಒಬ್ಬರು ನಿಂತಾರ" ಎಂದು ವಾರದಿಂದ ಖಂಡಪ್ಪ ತಡೆಯುತ್ತಿದ್ದದ್ದು ತಮ್ಮನ್ನೇ. ತಮ್ಮ ಹಿಂದೆ ತಾವೇ ಸಾಲು ಹಚ್ಚಿ ನಿಂತಿದ್ದರು!

"ಯಾರ ಹತ್ರಾನೂ ಇಲ್ರಿ," ಎಂದ ಚಂದ್ರಾಮ ಕೊನೆಗೆ.

"ಇಲ್ಲ. ಆದ್ರ ಎಲ್ಲಾರೂ ಅದ ಅದ ಅಂತ ಸಲಾಂ ಹೊಡ್ಯಾಕತ್ತೀವಿ. ಮೆಹತಾಬ್, ಕೇಳಾಕತ್ತಿ ಏನು?"

"ಕೇಳಾಕತ್ತೀನಿ ಕಾಕಾ," ಎಂದ ಮೆಹತಾಬ್ ತನ್ನ ಖುದ್ದು ದನಿಯಲ್ಲಿ. ಅದು ಅವನಿಗೇ ಹೊಸದಾಗಿ ಕೇಳಿಸಿತು.

"ಸೇಡಂನ ಪ್ಲಗ್ಗು ಕಿತ್ತು ಹಾಕು. ಚಂದ್ರಾಮಾ, ಈಗ ನಿನ್ನಲ್ಲಿ ಚಿತ್ತಾಪುರ ಹೋಯ್ತೋ ಇಲ್ಲೋ? ಹೋಯ್ತಲ್ಲ? ಈಗ ನೀ ನನ್ನದು ಕೀಳು. ಹಾಂ, ನನ್ನಲ್ಲೂ ಹೋಯ್ತು. ಆಯ್ತು. ಎಲ್ಲಾರೂ ಒಂದಽ ಹಗ್ಗದ ಎರಡೂ ತುದಿ ಹಿಡ್ಕೊಂಡು ಜಗ್ಗಾಕತ್ತಿದ್ವಿ."

ಸಾಯಂಕಾಲದೊಳಗೆ ಸೇಡಂನ ಲೈನ್‌ಮನ್ ಸೈಕಲ್ ಹತ್ತಿ ಚಿಂಚೋಳಿ ದಾರಿ ಹಿಡಿದ. ಈ ಸಲ ಬಸ್ಸಿನಿಂದಲ್ಲ, ಕಂಬ ಕಂಬಕ್ಕೂ ಇಳಿದು ನೋಡಿದ. ಅರ್ಧ ದಾರಿಯಲ್ಲಿ ಸಿಕ್ಕಿತು. ಜೋಳದ ಕಣಿಕೆ ಹೇರಿದ ಬಂಡಿಯೊಂದು ಜೋತುಬಿದ್ದ ತಂತಿಯನ್ನು ಹರಿದುಕೊಂಡು ಹೋಗಿತ್ತು. ಬಂಡಿಯವನು ಒಳ್ಳೆಯವನೇ. ಸರಕಾರದ ಸಾಮಾನು ನೆಲಕ್ಕೆ ಬೀಳಬಾರದೆಂದು ಎರಡೂ ತುದಿಗಳನ್ನು ಹಿಡಿದೆಳೆದು, ನಡುವೆ ಪುಂಡಿ ನಾರಿನ ಹಗ್ಗ ಹಾಕಿ, ಬಿಗಿಯಾಗಿ ಗಂಟು ಬಿಗಿದು ಹೋಗಿದ್ದ. ಕೆಳಗಿನಿಂದ ನೋಡಿದರೆ ತಂತಿ ಸಾಬೀತು. ಕಾಗೆ ಕೂಡಲು ಏನೂ ಅಡ್ಡಿಯಿಲ್ಲ. ಪುಂಡಿ ನಾರಿನೊಳಗೆ ಮಾತು ಹೋಗುವುದಿಲ್ಲ, ಅಷ್ಟೇ ಊನ.

ಶನಿವಾರ ಮುಂಜಾನೆ ಜಿಲಾನಿಯ ಸಲಾಂ ಬಂತು. "ಏನ್ರೀ, ಎಲ್ಲಾರೂ ಜೀವಂತ ಇದ್ದೀರೇನು? ದಿನಾ ಸಲಾಂ ಹೊಡದು ಹೊಡದು ನನ್ನ ರಟ್ಟಿ ಸೋತವು. ಲೋಕಽ ಮುಳುಗಿ ಚಿಂಚೋಳಿ ಒಂದಽ ಉಳಿದದ ಅಂತ ತಿಳ್ಕೊಂಡಿದ್ದೆ!"

ಅಂದಿನ ಸಲಾಮಿಗೆ ಖಂಡಪ್ಪ ಹೊಸ ಕಾಯಿದೆ ತಂದರು. ಊರಿನ ಹೆಸರು ಹೇಳಿದರೆ ಸಾಲದು. ಅದು ಯಾರ್ಯಾರ ಕೈ ದಾಟಿ ಬಂದಿದೆ ಎಂಬುದನ್ನೂ ಹೇಳಬೇಕು. "ಆ ಹೆಸರಿನ್ಯಾಗ ನಿಮ್ಮ ಹೆಸರು ಕೇಳಿತೋ, ಆ ದಾರಿ ನಿಮಗಲ್ಲ, ಸುಮ್ಮ ಕೂಡ್ರಿ," ಎಂದರು. ನಂತರ ತಾವೇ ಹೇಳಿ ತೋರಿಸಿದರು: "ಚಿಂಚೋಳಿ, ಚಿತ್ತಾಪುರದ ಕೈಯಿಂದ, ಸೇಡಂ ಕೈಯಿಂದ." ಬಾವಿಯೊಳಗಿಂದ ಚಂದ್ರಾಮ, "ಏ, ನಾನಽ ಇದೀನಿ ಅದ್ರಾಗ!" ಎಂದು ಹಿಗ್ಗಿದ. ಸಲಾಂ ಉದ್ದವಾಯಿತು, ಮದುವೆಯಲ್ಲಿ ಬೀಗರ ಹೆಸರು ಹೇಳಿದಂತಾಯಿತು, ಆದರೂ ಯಾರೂ ಬೇಸರಪಡಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಮೆಹತಾಬ್ ಹಾಯಾಗಿ ಉಂಡು ಮಲಗುತ್ತಿದ್ದ. ಆದರೆ ಖಂಡಪ್ಪನವರು ಸಿಕ್ಕಿದವರಿಗೆಲ್ಲ ತಮ್ಮ ದನಿಯ ಕಥೆ ಹೇಳತೊಡಗಿದ್ದರು. ಹೆಂಡತಿ ಬಸ್ಸಮ್ಮನಿಗೂ ಹೇಳಿದ್ದರು. "ಇವತ್ತ ನನ್ನ ದನಿ ಕೇಳ್ದೆ," ಅಂದರೆ, ಆಕೆ, "ನಾ ಲಗ್ನ ಆದಾಗಿಂದ ಕೇಳಾಕತ್ತೀನಿ," ಎಂದಳಂತೆ.

"ಕಾಕಾ," ಎಂದ ಮೆಹತಾಬ್ ಭಾನುವಾರ, "ಸಾಹೇಬರ ಮುಂದ ದನಿ ವಿಷಯ ತೆಗೀಬ್ಯಾಡ್ರಿ. ತಂತಿ ಕಡದಿತ್ತು, ಹಚ್ಚಿದ್ವಿ ಅಂದ್ರ ಸಾಕು."

"ಯಾಕ? ಖರೆ ಹೇಳಾಕ ಏನ್ ಹೆದರಿಕಿ? ಆ ದನಿ ಕೇಳಲಿಲ್ಲಂದ್ರ ನನಗ ಗೊತ್ತಽ ಆಗ್ತಿರಲಿಲ್ಲ. ಸಾಹೇಬ್ರಿಗೆ ಅದಽ ಮೊದಲು ಹೇಳಾಂವ."

ವಿಮಲಾಬಾಯಿ ಆಮೇಲೆ ಮೆಹತಾಬನಿಗೆ ಬೇರೆಯಾಗಿ ರಿಂಗು ಕೊಟ್ಟಳು. "ಹೇಳಿಬಿಡೋ ಶಾಣ್ಯಾ. ಈಗ ಹೇಳ್ದಿ ಅಂದ್ರ ಬೈಗುಳದಾಗ ಮುಗೀತದ."

"ಬೈಗುಳಕ್ಕ ಅಂಜಂಗಿಲ್ರಿ ಬಾಯಾರ. ಅವರು ಈಗ ಎಷ್ಟು ಖುಷಿ ಆಗ್ಯಾರ ನೋಡ್ರಿ. ಸಲಾಮಿಗೆ ರಾಗ ತಿರುಗಿ ಬಂದದ."

"ಬಂದದ. ನಾಳೆ ಸಾಹೇಬ್ರ ಮುಂದ ಉಳಿತದೋ ಇಲ್ಲೋ, ಅದು ನೋಡು."

ಸೋಮವಾರ ಗನಿ ಸಾಹೇಬರು ವಾಡಿಗೆ ಬಂದು ಖಂಡಪ್ಪನವರ ಪಕ್ಕದ ಕುರ್ಚಿಯಲ್ಲಿ ಕೂತರು. ಪರೀಕ್ಷೆಗೆಂದು ಐದೂ ಊರುಗಳನ್ನು ಒಟ್ಟಿಗೆ ಜೋಡಿಸಲು ಹೇಳಿದರು. ಒಬ್ಬೊಬ್ಬರಾಗಿ ಹಾಜರಿ ಕೊಟ್ಟರು. ಜಿಲಾನಿ ಚಿಂಚೋಳಿಯಿಂದ ಪಕ್ಕದ ಕೋಣೆಯಲ್ಲಿದ್ದಷ್ಟು ಸ್ಪಷ್ಟವಾಗಿ, "ಹಾಜರ್ ಸಾಬ್," ಅಂದ. ಮೆಹತಾಬನಿಗೆ ಎಲ್ಲ ಕೇಳುತ್ತಿತ್ತು, ಸಾಹೇಬರ ಕುರ್ಚಿ ಕಿರುಗುಟ್ಟುವುದೂ.

"ಬಹುತ್ ಅಚ್ಛಾ," ಎಂದರು ಸಾಹೇಬರು. "ಮಜೀದ ಸೇಠರ ದೂರು ಕೈಬಿಡಬಹುದು. ಖಂಡಪ್ಪಾ, ಇದು ಹ್ಯಾಂಗ ಹಿಡಿದ್ರಿ?"

"ನನ್ನ ದನಿ ನನಗಽ ಕೇಳ್ತ್ರಿ ಸಾಹೇಬ್ರ."

"ಅಂದ್ರ?"

"ನಾ ಚಿತ್ತಾಪುರಕ್ಕ ಚಿಂಚೋಳಿ ಕೇಳ್ದೆ. ಆ ಕಡೆಯಿಂದ ನಾನಽ ವಾಡಿ ಹಾಜರ್ ಅಂದೆ."

ಕುರ್ಚಿ ಕಿರುಗುಟ್ಟುವುದು ನಿಂತಿತು. "ಖಂಡಪ್ಪಾ, ಲೈನು ಸುತ್ತಿ ಬಂದ್ರ ನಿಮಗ ಸೇಡಂ ದನಿ ಕೇಳ್ತದ. ನಿಮ್ಮ ದನಿ ನಿಮಗ ಜವಾಬು ಹ್ಯಾಂಗ ಕೊಡ್ತದ? ತಂತಿ ಅಂದ್ರ ಕನ್ನಡಿ ಅಲ್ಲ."

"ಕೊಡ್ತ್ರಿ. ಜಗಳಾನೂ ಆಡ್ತು. ನಿಮ್ಮ ಮನ್ಯಾಗ ಕೇಳ್ರಿ ಅಂತು."

ಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಅವರ ದನಿ ಕಾಯಿಲೆಯವರನ್ನು ಮಾತಾಡಿಸುವ ದನಿಯಾಯಿತು. "ಭಾಳ ವರ್ಷ ಆಯ್ತಲ್ಲ ನೀವು ಬೋರ್ಡಿಗೆ ಕುಂತು? ಕಿವಿಗೂ ಆರಾಮ ಬೇಕಾಗ್ತದ. ಇದು ಸಜಾ ಅಂತ ತಿಳೀಬ್ಯಾಡ್ರಿ. ಗುಲ್ಬರ್ಗಾ ಸ್ಟೋರು ಭಾಳ ಶಾಂತ ಅದ. ಅಲ್ಲಿ ಯಾರೂ ಮಾತಾಡಂಗಿಲ್ಲ."

ತಂತಿಯ ಮೇಲೆ ಖಂಡಪ್ಪನವರ ಉಸಿರು ಮಾತ್ರ ಬಂತು. ಕಾಗಿಣಾದ ಆಚೆ ದಂಡೆಗೆ ಕೇಳುವ ಮನುಷ್ಯನಿಂದ ಒಂದು ಚೂರು ಮಾತು ಬಾರದೆ ಬರಿ ಉಸಿರು. ವಿಮಲಾಬಾಯಿ ಗಂಟಲಲ್ಲೇ, "ಮೆಹತಾಬ್," ಎಂದಳು. ಹೇಳುವ ಅಗತ್ಯವಿರಲಿಲ್ಲ. ಅವನ ಬೆರಳು ಆಗಲೇ ಮಾತಾಡುವ ಕೀ ಒತ್ತಿತ್ತು.

ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ತಪ್ಪಾಯಿತು ಎಂದರೆ ಸಾಹೇಬರು ನಂಬಬೇಕಲ್ಲ. ಹಿರಿಯನನ್ನು ಉಳಿಸಲು ಹುಡುಗ ಸುಳ್ಳು ಹೇಳುತ್ತಾನೆ ಎಂದುಕೊಂಡಾರು. ಅವನು ಕಣ್ಣು ಮುಚ್ಚಿದ. ಎದೆಯ ಆಳದಿಂದ, ರೊಟ್ಟಿ ಸಿಕ್ಕ ಗಂಟಲಿನಿಂದ, ಇಡೀ ಶಕ್ತಿ ಹಾಕಿ ಎಬ್ಬಿಸಿದ:

"ವಾ...ಡಿ ಹಾಜರ್! ಯಾವ ಊರು ಬೇಕು, ನಿಧಾನ ಹೇಳ್ರಿ. ಅವಸರ ಮಾಡಿದ್ರ ತಂತಿ ಜಗ್ತದ!"

ವಾಡಿಯಲ್ಲಿ ಏನೋ ಕೆಳಗೆ ಬಿತ್ತು. ಬಹುಶಃ ಸಾಹೇಬರ ಪೆನ್ನು.

"ಖಂಡಪ್ಪಾ," ಎಂದರು ಅವರು, "ನೀವು ಮಾತಾಡಿದ್ರೇನು?"

"ನಾ ಬಾಯಿನಽ ತೆಗದಿಲ್ರಿ."

"ಚಿತ್ತಾಪುರ ಹಾಜರ್, ಸಾಬ್," ಎಂದ ಮೆಹತಾಬ್. ಈಗ ಅದು ಅವನ ಖುದ್ದು ದನಿ. "ಆವತ್ತೂ ನಾನಽ ಮಾತಾಡಿದ್ದು. ಕಾಕಾ ಅವರ ಕಿವಿಗೆ ಏನೂ ಆಗಿಲ್ಲ. ನಾ ಮಸ್ಕಿರಿಗೆ ಮಾಡ್ದೆ. ಲೈನು ಖರೇನಽ ಸುತ್ತಿದ್ದು ನನಗೂ ಗೊತ್ತಿರಲಿಲ್ಲ. ಅದು ಹಿಡಿದವರು ಅವರು. ಸ್ಟೋರಿಗೆ ಹಾಕೋದಿದ್ರ ನನ್ನ ಹಾಕ್ರಿ."

ಗನಿ ಸಾಹೇಬರು ಏನೋ ಹೇಳಹೊರಟರು. ಅಷ್ಟರಲ್ಲಿ ವಾಡಿಯಿಂದ ಒಂದು ಸದ್ದು ಎದ್ದಿತು. ಮೊದಲು ಅದು ಕೆಮ್ಮಿನಂತಿತ್ತು.

"ನನ್ನ ದನಿ... ಹಂಗ ಅದ ಏನು?" ಎಂದರು ಖಂಡಪ್ಪ. "ಗಂಟಲಾಗ ರೊಟ್ಟಿ ಸಿಕ್ಕಂಗ? ಬಾಯಾರ, ಖರೆ ಹೇಳ್ರಿ!"

"ಇನ್ನಾ ಸ್ವಲ್ಪ ಜೋರದ," ಎಂದಳು ವಿಮಲಾಬಾಯಿ.

"ಮತ್ತ ಇಷ್ಟು ವರ್ಷ ಯಾರೂ ಹೇಳಲಿಲ್ಲಲ್ರೋ! ನಾ ನೀರು ಕುಡಿ ಅಂತ ನನಗಽ ಬೈದ್ನಲ್ಲೋ!"

ಚಂದ್ರಾಮ ಸೇಡಂನಿಂದ ಕಿಸಕ್ಕೆಂದ. ವಿಮಲಾಬಾಯಿ ಸೆರಗು ಬಿಟ್ಟು ನಕ್ಕಳು. ಗನಿ ಸಾಹೇಬರು ಅಧಿಕಾರಿಯಂತೆ ಸ್ವಲ್ಪ ತಡೆದು ನೋಡಿದರು, ಆಗಲಿಲ್ಲ. "ಚಿತ್ತಾಪುರಾ, ನಿನ್ನ ವಿಷಯ ಆಮ್ಯಾಲೆ ನೋಡ್ತೀನಿ," ಎಂದು ಗದರಿಸುವಾಗಲೇ ಅವರ ದನಿ ಒಡೆಯಿತು. "ಖಂಡಪ್ಪಾ, ನೀವು ಇಲ್ಲೇ ಕುಂದ್ರಿ. ನಿಮ್ಮನ್ನ ಸ್ಟೋರಿನ್ಯಾಗ ಇಟ್ರ ಪಿಂಗಾಣಿ ಬಟ್ಟಲಾ ಒಂದೂ ಉಳಿಯಂಗಿಲ್ಲ."

ಅದನ್ನು ಕೇಳಿ ಖಂಡಪ್ಪನವರ ಗಂಟಲು ಪೂರಾ ಬಿಚ್ಚಿಕೊಂಡಿತು. "ಇನ್ನೊಮ್ಮೆ ಹೇಳೋ ಮೆಹತಾಬ್, ನನ್ನಂಗ ಇನ್ನೊಮ್ಮೆ ಹೇಳು!" ಎಂದು ಕೂಗಿ, ಅವನು ಹೇಳುವ ಮೊದಲೇ ನಗತೊಡಗಿದರು. ಆ ನಗು ವಾಡಿಯಿಂದ ಶಹಾಬಾದಿಗೆ ಹೋಯಿತು, ಚಿತ್ತಾಪುರದ ಕೈಯಿಂದ, ಸೇಡಂ ಕೈಯಿಂದ, ಹೊಸದಾಗಿ ಬೆಸೆದ ತಂತಿ ದಾಟಿ ಚಿಂಚೋಳಿಗೆ ಹೋಯಿತು. ಅಲ್ಲಿ ಜಿಲಾನಿ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಹಾಜರಿ ಕೊಟ್ಟು ತನ್ನ ಊರಿನ ಗಿರಾಕಿಗಳ ಕಡೆ ತಿರುಗಿದ್ದರಿಂದ ಯಾರು, ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಮೇಜಿನ ಮೇಲಿಂದ ಎಲ್ಲರ ನಗುವೂ ಕೇಳುತ್ತಿತ್ತು, ಎಲ್ಲಕ್ಕಿಂತ ಮೇಲೆ ಒಂದು ನಗು. ಮನುಷ್ಯ ಯಾರಾದರಾಗಲಿ, ಇಷ್ಟು ಜೋರಾಗಿ ನಗುತ್ತಿದ್ದಾನೆಂದರೆ ಖುಷಿಯೇ ಇರಬೇಕು ಎಂದು ಅವನೂ ನಕ್ಕ.